ಅಜ್ಜಿಕಥೆಯ ಎಚಿಂಗ್ ಕೊಳ್ಳುವ ಮೊದಲು: ನಂಬರ್ ಆಮೇಲೆ, ಗೆರೆ ಮೊದಲು

ಮೇಜಿನ ಮೇಲೆ ಮೂರು ಹಾಳೆ ಇವೆ ಎಂದುಕೊಳ್ಳಿ. ಮೂರರಲ್ಲೂ ಕಾಡುದಾರಿಯಲ್ಲಿ ನಿಂತ ಪುಟ್ಟ ಹುಡುಗಿ, ಮರದ ಸಂದಿಯಲ್ಲಿ ತೋಳ. ಮೂರರ ಕೆಳಗೂ ಪೆನ್ಸಿಲಿನಲ್ಲಿ 12/50 ಎಂದು ಬರೆದು ಸಹಿ ಹಾಕಿದೆ. ಮಾರುವವರ ಬಾಯಲ್ಲಿ ಮೂರೂ ‘ಲಿಮಿಟೆಡ್ ಎಡಿಷನ್’. ಆದರೆ ಒಂದು ಕೈಯಲ್ಲಿ ಗೀರಿ ಆಮ್ಲಕ್ಕೆ ಇಳಿಸಿದ ತಾಮ್ರದ ತಗಡಿನ ಅಚ್ಚು, ಅಂದರೆ ಎಚಿಂಗ್. ಇನ್ನೊಂದು, ಬೇರೆಲ್ಲೋ ಬರೆದ ಚಿತ್ರವನ್ನು ಫೋಟೊ ಮೂಲಕ ತಗಡಿಗೆ ಇಳಿಸಿದ ಫೋಟೊಗ್ರವ್ಯೂರ್. ಮೂರನೆಯದು ಇಂಕ್‌ಜೆಟ್ ಯಂತ್ರದಿಂದ ಹೊರಬಂದದ್ದು. ಚೌಕಟ್ಟು ಹಾಕಿ ಗಾಜಿನ ಹಿಂದೆ ಕೂರಿಸಿದ ಮೇಲೆ ಆರಡಿ ದೂರದಿಂದ ಮೂರೂ ಒಂದೇ ಥರ. ಬೆಲೆಯಲ್ಲೂ ಕಲೆಯಲ್ಲೂ ಅವು ಒಂದೇ ಅಲ್ಲ.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯವರಿಗೂ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೂ ಇನ್ನೊಂದು ಪ್ರಶ್ನೆ ಜೊತೆಗಿದೆ. ಹಾಳೆ ಅಸಲಿಯೇ ಇರಬಹುದು, ನಮ್ಮ ಮನೆಯ ಗೋಡೆಯ ಮೇಲೆ ನಾಲ್ಕು ಮಳೆಗಾಲ ಬದುಕುತ್ತದೆಯೇ? ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಕೂತು ಬರೆದ ಸಲಹೆಗಳಲ್ಲಿ ಈ ಪ್ರಶ್ನೆಗೆ ಜಾಗ ಸಿಗುವುದು ಕಡಿಮೆ. ಇಲ್ಲಿ ಆಯ್ಕೆಯ ಅರ್ಧ ಭಾಗವೇ ಅದು.

ಗೆರೆ ಹುಟ್ಟುವ ಬಗೆ

ಸುಮಾರು ಒಂದು, ಒಂದೂವರೆ ಮಿಲಿಮೀಟರ್ ದಪ್ಪದ ತಾಮ್ರ ಅಥವಾ ಸತುವಿನ ತಗಡಿಗೆ ಜೇನುಮೇಣ, ಡಾಂಬರು, ರಾಳ ಸೇರಿಸಿದ ತೆಳು ಲೇಪ ಕೊಡುತ್ತಾರೆ. ಸೂಜಿ ಗೀರುವುದು ಈ ಲೇಪವನ್ನು ಮಾತ್ರ, ಲೋಹವನ್ನಲ್ಲ. ಲೋಹ ಕೊರೆಯುವ ಕೆಲಸ ಆಮ್ಲದ್ದು. ತಾಮ್ರಕ್ಕೆ ಫೆರಿಕ್ ಕ್ಲೋರೈಡ್ ದ್ರಾವಣ, ಸತುವಿಗೆ ನೀರು ಬೆರೆಸಿದ ನೈಟ್ರಿಕ್ ಆಮ್ಲ. ಐದು ನಿಮಿಷಕ್ಕೆ ಹೊರತೆಗೆದರೆ ಕೂದಲೆಳೆಯಂಥ ಗೆರೆ, ಅರ್ಧ ಗಂಟೆ ಬಿಟ್ಟರೆ ಕಡುಗಪ್ಪು. ಕಲಾವಿದರ ಜಾಣ್ಮೆ ಇರುವುದು ಇಲ್ಲೇ. ದೂರದ ಗುಡ್ಡದ ಗೆರೆಗಳಿಗೆ ಐದು ನಿಮಿಷ ಸಾಕು ಎನಿಸಿದಾಗ ಅಷ್ಟು ಭಾಗಕ್ಕೆ ವಾರ್ನಿಷ್ ಬಳಿದು ಮುಚ್ಚಿ, ತಗಡನ್ನು ಮತ್ತೆ ಇಳಿಸುತ್ತಾರೆ. ನಡುವಿನ ಮರಗಳಿಗೆ ಇನ್ನು ಹತ್ತು ನಿಮಿಷ, ಎದುರಿನ ಬೇರುಗಳಿಗೆ ಇನ್ನೂ ಇಪ್ಪತ್ತು. ಒಂದೇ ಕಪ್ಪು ಮಸಿಯಲ್ಲಿ ಹತ್ತಿರ, ದೂರ ಎಂಬ ಭೇದ ಹುಟ್ಟುವುದು ಹೀಗೆ. ಲೇಪ ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಆಮ್ಲ ಅಲ್ಲಿಗೂ ನುಗ್ಗಿ ಆಕಾಶದ ತುಂಬ ಬೇಡದ ಚುಕ್ಕೆ ಬೀಳುತ್ತವೆ. ಒಳ್ಳೆಯವರು ಅದನ್ನು ಉಜ್ಜಿ ಅಳಿಸುತ್ತಾರೆ ಅಥವಾ ಹಾರುವ ಹಕ್ಕಿಯಾಗಿಸುತ್ತಾರೆ!

ಅಚ್ಚು ತೆಗೆಯುವುದು ಇನ್ನೊಂದು ದುಡಿಮೆ. ತಗಡಿನ ತುಂಬ ಮಸಿ ತುಂಬಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದ ಒರೆಸಿ, ಗೆರೆಯೊಳಗೆ ಮಾತ್ರ ಮಸಿ ಉಳಿಸಬೇಕು. ಅದರ ಮೇಲೆ ಒದ್ದೆ ಮಾಡಿದ ಹಾಳೆ ಇಟ್ಟು, ಉಣ್ಣೆಯ ಹಾಸು ಹೊದಿಸಿ, ಎರಡು ಉರುಳೆಗಳ ನಡುವೆ ಹಾಯಿಸಬೇಕು. ಮುಂದಿನ ಪ್ರತಿಗೆ ಮತ್ತೆ ಮಸಿ, ಮತ್ತೆ ಒರೆಸಾಟ. ಸಣ್ಣ ತಗಡಿಗೇ ಒಂದು ಸಲಕ್ಕೆ ಇಪ್ಪತ್ತು ನಿಮಿಷ ಎಂದು ಹಿಡಿದರೆ 50 ಪ್ರತಿಗೆ ಹತ್ತಿರಹತ್ತಿರ ಹದಿನೇಳು ಗಂಟೆ. ಎಚಿಂಗಿನ ಬೆಲೆಯಲ್ಲಿ ಇದು ಸೇರಿದೆ. ಇಂಕ್‌ಜೆಟ್ ಪ್ರತಿಯಲ್ಲಿ ಈ ದುಡಿಮೆ ಇಲ್ಲ, ಆದ್ದರಿಂದ ಆ ಬೆಲೆಯೂ ಇರಬಾರದು.

ಪರೀಕ್ಷೆಗೆ ಬೇಕಾದ್ದು ಎರಡೇ: ಮೊಬೈಲ್ ಟಾರ್ಚ್ ಮತ್ತು ಅಕ್ಕಸಾಲಿಗರು ಬಳಸುವ 10 ಪಟ್ಟಿನ ಮಸೂರ. ಟಾರ್ಚನ್ನು ಹಾಳೆಯ ಮಟ್ಟಕ್ಕೇ ತಂದು ಅಡ್ಡಲಾಗಿ ಬೆಳಕು ಬಿಡಿ. ಎಚಿಂಗಿನಲ್ಲಿ ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಕಾಣುತ್ತದೆ. ದಪ್ಪ ಗೆರೆಗಳ ಮಸಿ ಕಾಗದದಿಂದ ತುಸು ಮೇಲೆದ್ದು ಸಣ್ಣ ನೆರಳು ಬೀಳಿಸುತ್ತದೆ. ಅಂಚಿನ ತಗ್ಗೊಂದನ್ನೇ ನಂಬಬೇಡಿ, ಖಾಲಿ ತಗಡು ಒತ್ತಿ ಅದನ್ನು ನಕಲು ಮಾಡಬಹುದು. ಮೇಲೆದ್ದ ಮಸಿಯನ್ನು ನಕಲು ಮಾಡುವುದು ಕಷ್ಟ. ಆಮೇಲೆ ಮಸೂರ. ಸಾಲುಗಟ್ಟಿದ ಬಣ್ಣದ ಚುಕ್ಕೆ ಕಂಡರೆ ಪತ್ರಿಕೆ, ಪುಸ್ತಕ ಅಚ್ಚಾಗುವ ಆಫ್‌ಸೆಟ್, ಚಿಮುಕಿಸಿದಂಥ ಚುಕ್ಕೆ ಕಂಡರೆ ಇಂಕ್‌ಜೆಟ್. ಎಚಿಂಗಿನ ಗೆರೆ ಒಡೆಯದೆ ಸಾಗಿ, ತುದಿಯಲ್ಲಿ ಮೊಂಡಾಗಿ ನಿಲ್ಲುತ್ತದೆ. ತುದಿ ಸೂಜಿಯಂತೆ ಮೊನಚಾಗಿ ಮುಗಿದರೆ ಅದು ಉಳಿಯಿಂದ ನೇರವಾಗಿ ಕೊರೆದ ಎನ್‌ಗ್ರೇವಿಂಗ್.

ಫೋಟೊಗ್ರವ್ಯೂರ್ ಮಾತ್ರ ಪಳಗಿದವರನ್ನೂ ಏಮಾರಿಸುತ್ತದೆ. ಅದಕ್ಕೂ ತಗಡಿದೆ, ತಗ್ಗಿದೆ, ಮಸಿಯೂ ತುಸು ಮೇಲೇಳುತ್ತದೆ. ಮಸೂರದಲ್ಲಿ ನೋಡಿದರೆ ‘ಪೆನ್ಸಿಲ್ ಗೆರೆ’, ‘ಜಲವರ್ಣದ ಹರಿವು’ ಎಲ್ಲವೂ ಒಂದೇ ನುಣುಪು ಕಣಗಳಿಂದ ಆಗಿರುತ್ತವೆ. ಸೂಜಿ ಮಾಡಲಾರದ್ದನ್ನು ಗೆರೆ ಮಾಡುತ್ತಿದ್ದರೆ ಅನುಮಾನಪಡಿ.

ಯಾವ ಕಥೆಗೆ ಯಾವ ಬಗೆ

ರಾಕ್ಷಸ, ಮಾಟಗಾತಿ, ಮಾತಾಡುವ ಮೀನು ಇವಕ್ಕೆಲ್ಲ ಎಚಿಂಗ್ ಹೊಂದುವುದಕ್ಕೆ ಕಾರಣವಿದೆ. ಲೇಪದ ಮೇಲೆ ಸೂಜಿ ಲೇಖನಿಯಷ್ಟೇ ಸಲೀಸಾಗಿ ಓಡುತ್ತದೆ, ಹಾಗಾಗಿ ಸಣ್ಣ ಆಕೃತಿಗಳಲ್ಲಿ ತುಂಟತನ ತುಂಬಬಹುದು. ಜೊತೆಗೆ ಕತ್ತಲೆಯನ್ನು ಹಂತಹಂತವಾಗಿ ಕಟ್ಟಬಹುದು.

ಮೊದಲ ಗುಣಕ್ಕೆ ಮಾದರಿ ಇಂಗ್ಲಿಷ್ ಚಿತ್ರಕಾರ ಜಾರ್ಜ್ ಕ್ರೂಕ್‌ಶಾಂಕ್. ಜರ್ಮನಿಯ ಜನಪದ ಕಥೆ ಸಂಗ್ರಹಿಸಿದ ಗ್ರಿಮ್ ಸಹೋದರರ ಕಥೆಗಳ ಇಂಗ್ಲಿಷ್ ಅನುವಾದ ಎರಡು ಸಂಪುಟಗಳಲ್ಲಿ 1823 ಮತ್ತು 1826ರಲ್ಲಿ ಬಂದಾಗ ಅವರು ಮಾಡಿದ ಎಚಿಂಗುಗಳು ಅಂಗೈಗಿಂತ ದೊಡ್ಡವಲ್ಲ. ಆದರೂ ಕುಣಿಯುವ ಕುಳ್ಳರ ಮೊಣಕಾಲು ಮಡಚಿದ್ದು ಕೂಡ ಅವುಗಳಲ್ಲಿ ಗೊತ್ತಾಗುತ್ತದೆ.

ಎರಡನೆಯ ಗುಣಕ್ಕೆ ಇಂಗ್ಲೆಂಡಿನ ಕಲಾವಿದ ಡೇವಿಡ್ ಹಾಕ್ನಿ. ಗ್ರಿಮ್ ಸಹೋದರರ ಆರು ಕಥೆಗಳಿಗೆ 1969ರಲ್ಲಿ ಮಾಡಿ 1970ರಲ್ಲಿ ಲಂಡನ್ನಿನ ಪೀಟರ್ಸ್‌ಬರ್ಗ್ ಪ್ರೆಸ್ ಮೂಲಕ ಹೊರಬಂದ 39 ಎಚಿಂಗುಗಳು ಇಪ್ಪತ್ತನೆಯ ಶತಮಾನದ ಕಥಾಚಿತ್ರಗಳಲ್ಲಿ ಮುಂಚೂಣಿಯವು. ಹುಲ್ಲನ್ನು ಚಿನ್ನವಾಗಿ ನೂಲುವ ರಂಪಲ್‌ಸ್ಟಿಲ್ಟ್‌ಸ್ಕಿನ್ ಕಥೆಗೆ ಅವರು ಬರೆದ ಒಣಹುಲ್ಲಿನ ಕೋಣೆಯನ್ನು ನೋಡಿ. ಹುಲ್ಲಿನ ಕುತ್ರಿ ಕಂಡವರಿಗೆ ತಕ್ಷಣ ತಿಳಿಯುತ್ತದೆ, ಅಲ್ಲಿ ಹುಲ್ಲು ಎಂದರೆ ಬರೀ ಗೆರೆ. ಗೆರೆಯ ಮೇಲೆ ಗೆರೆ ಬಿದ್ದು ರಾಶಿಯಾದದ್ದು. ಈ ಕಥೆಗೆ ಇದಕ್ಕಿಂತ ತಕ್ಕ ಮಾಧ್ಯಮ ಇರಲಾರದು.

ಕತ್ತಲೆಗೆ ಇನ್ನೊಂದು ದಾರಿ ಅಕ್ವಾಟಿಂಟ್. ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಕೆಳಗಿನಿಂದ ಕಾಯಿಸಿ ಅಂಟಿಸಿ, ಆಮ್ಲಕ್ಕೆ ಇಳಿಸಿದರೆ ಕಣಗಳ ಸುತ್ತಲಿನ ಲೋಹ ಮಾತ್ರ ತಿಂದು ಮೋಡದಂಥ ಬೂದು, ಕಪ್ಪು ಛಾಯೆ ಬರುತ್ತದೆ. ಪೋರ್ಚುಗಲ್ ಮೂಲದ ಕಲಾವಿದೆ ಪೌಲಾ ರೇಗೊ 1989ರಲ್ಲಿ ಇಂಗ್ಲಿಷ್ ಶಿಶುಪದ್ಯಗಳಿಗೆ ಮಾಡಿದ ಸರಣಿ ಎಚಿಂಗ್, ಅಕ್ವಾಟಿಂಟ್ ಎರಡನ್ನೂ ಬಳಸಿದ್ದು. ಮಕ್ಕಳ ಪದ್ಯದ ಹಿಂದೆ ಅಡಗಿರುವ ಭಯವನ್ನು ಆ ಕಪ್ಪು ಹೊರಗೆಳೆಯುತ್ತದೆ. ಡ್ರೈಪಾಯಿಂಟಿನಲ್ಲಿ ಆಮ್ಲವೇ ಇಲ್ಲ. ಸೂಜಿಯಿಂದ ಲೋಹವನ್ನೇ ಗೀರಿದಾಗ ಎದ್ದ ಒರಟು ಅಂಚು ಮಸಿ ಹಿಡಿದು ಮಖಮಲ್ಲಿನಂಥ ಗೆರೆ ಕೊಡುತ್ತದೆ. ನೋಡಲು ಬಲು ಚೆಂದ, ಆದರೆ ಹದಿನೈದು ಇಪ್ಪತ್ತು ಅಚ್ಚಿಗೇ ಆ ಅಂಚು ಸವೆಯುತ್ತದೆ.

ಮನೆಗೆ ಯಾವುದು? ಶಿರಸಿ ಕಡೆಯ ಹಳೆಯ ಮನೆಯ ಜಗಲಿಯಲ್ಲಿ, ಮಳೆಗಾಲದ ನಡುಮಧ್ಯಾಹ್ನವೂ ದೀಪ ಹಾಕುವಂಥ ಕಡೆ, ಅಕ್ವಾಟಿಂಟ್ ತೂಗುಹಾಕಿದರೆ ಕಾಣುವುದು ಒಂದು ಕಪ್ಪು ಚೌಕ, ಅದರಲ್ಲಿ ನಿಮ್ಮದೇ ಮುಖ. ಅಲ್ಲಿ ಬಿಳಿ ಜಾಗ ಹೆಚ್ಚಿರುವ, ಗೆರೆಯೇ ಪ್ರಧಾನವಾದ ಎಚಿಂಗ್ ಒಳ್ಳೆಯದು. ಬೆಳಕು ಧಾರಾಳವಿರುವ ಕರಾವಳಿಯ ತಾರಸಿ ಮನೆಗೆ ಅಕ್ವಾಟಿಂಟ್ ಹೊಂದುತ್ತದೆ, ನೇರ ಬಿಸಿಲು ತಾಗಬಾರದಷ್ಟೇ. ಎಲ್ಲಿಯೇ ಆಗಲಿ, ಎಚಿಂಗ್ ಒಂದೆರಡು ಅಡಿ ದೂರದಿಂದ ನೋಡುವ ವಸ್ತು. ಸೋಫಾದ ಹಿಂದೆ ಏಳಡಿ ಎತ್ತರಕ್ಕೆ ಮೊಳೆ ಹೊಡೆದರೆ ದುಡ್ಡು ದಂಡ.

ಬಣ್ಣದ ಮಾತು ಬಂದರೆ ಕೇಳಿಯೇ ಕೊಳ್ಳಿ: ಬಣ್ಣ ತಗಡಿನಿಂದ ಬಂದದ್ದೋ, ಆಮೇಲೆ ಕುಂಚದಿಂದ ಹಚ್ಚಿದ್ದೋ? ಪ್ಯಾರಿಸಿನಲ್ಲಿ ಕೆಲಸ ಮಾಡಿದ ನಮ್ಮ ದೇಶದ ಕೃಷ್ಣ ರೆಡ್ಡಿ ಅವರ ಹೆಸರಿನೊಂದಿಗೆ ಬೆಸೆದುಹೋದ ವಿಸ್ಕಾಸಿಟಿ ವಿಧಾನದಲ್ಲಿ, ಬೇರೆಬೇರೆ ಅಂಟುಗುಣದ ಮಸಿಗಳು ಒಂದೇ ತಗಡಿನ ಮೇಲೆ ಬೆರೆಯದೆ ನಿಲ್ಲುತ್ತವೆ. ಅಂಥ ಎಣ್ಣೆಮಸಿ ಸಾಮಾನ್ಯವಾಗಿ ಗಟ್ಟಿ. ಕುಂಚದ ಜಲವರ್ಣ ಬೆಳಕಿಗೆ ಬೇಗ ಮಾಸಬಹುದು, ತೇವಕ್ಕೆ ಹರಡಬಹುದು. ನಮ್ಮ ಹವೆಗೆ ಕಪ್ಪು-ಬಿಳುಪೇ ಕ್ಷೇಮ.

ನಾಲ್ಕು ದಾರಿ

ಹಳೆಯ ಪುಸ್ತಕದಿಂದ ಬಿಚ್ಚಿ ತೆಗೆದ ಹಾಳೆ ಮೊದಲನೆಯದು. ಕ್ರೂಕ್‌ಶಾಂಕ್‌ರಂಥವರ ಅಸಲಿ ಗೆರೆ ಕಡಿಮೆ ದುಡ್ಡಿಗೆ ಸಿಗುವುದು ಇಲ್ಲಿಯೇ. ಇವಕ್ಕೆ ನಂಬರೂ ಇಲ್ಲ, ಸಹಿಯೂ ಇಲ್ಲ, ಇರಬೇಕಾಗಿಯೂ ಇಲ್ಲ. ಪೆನ್ಸಿಲಿನ ನಂಬರ್ ಕಂಡರೆ ಅದೇ ಅನುಮಾನಕ್ಕೆ ಕಾರಣ. ನೋಡಬೇಕಾದ್ದು ತಗಡಿನ ಸವೆತ. ಒಂದರ ಮೇಲೊಂದು ಹಾಯ್ದ ಸೂಕ್ಷ್ಮ ಗೆರೆಗಳು ಅಲ್ಲಲ್ಲಿ ಕಡಿದುಹೋಗಿ ನೆರಳು ಬೋಳಾಗಿದ್ದರೆ ಅದು ತಡವಾದ ಅಚ್ಚು. ಇನ್ನೊಂದು ಎಚ್ಚರ: ಚಿತ್ರಕಾರ ಗುಸ್ತಾವ್ ದೊರೆ 1862ರಲ್ಲಿ ಫ್ರೆಂಚ್ ಕಥೆಗಾರ ಪೆರೊ ಅವರ ಕಥೆಗಳಿಗೆ ಕೊಟ್ಟ ಪ್ರಸಿದ್ಧ ಚಿತ್ರಗಳು ಮರದ ಕೊರೆತದವು, ಎಚಿಂಗ್ ಅಲ್ಲ. ಆರ್ಥರ್ ರ‍್ಯಾಕ್‌ಹ್ಯಾಮ್ ಅವರ ಪುಸ್ತಕಗಳಿಗೆ ಸಹಿ ಇರುವ ಸೀಮಿತ ಪ್ರತಿಗಳು ಬಂದದ್ದು ನಿಜ, ಆದರೆ ಒಳಗಿನ ಬಣ್ಣದ ಚಿತ್ರಗಳು ಜಲವರ್ಣದ ಯಾಂತ್ರಿಕ ಮುದ್ರಣ. ಚಿತ್ರಕಾರ ಮಾರ್ಕ್ ಶಗಾಲ್ 1948ರಲ್ಲಿ ಅರೇಬಿಯನ್ ನೈಟ್ಸ್ ಕಥೆಗಳಿಗೆ ಮಾಡಿದ್ದು ಕಲ್ಲಚ್ಚು, ಅಂದರೆ ಲಿಥೊಗ್ರಾಫ್. ಎಲ್ಲವೂ ಬೆಲೆಯುಳ್ಳವೇ. ‘ಎಚಿಂಗ್’ ಎಂಬ ಹೆಸರಿನಲ್ಲಿ ಕೊಳ್ಳಬಾರದು, ಅಷ್ಟೆ.

ಎರಡನೆಯದು ಹಾಕ್ನಿಯಂಥ ದೊಡ್ಡ ಹೆಸರಿನ ಸರಣಿಯ ಬಿಡಿ ಹಾಳೆ. ಹಣವಿದ್ದವರ ದಾರಿ. ಇಲ್ಲಿಯ ಗುಂಡಿ ಏನೆಂದರೆ, ಅದೇ 39 ಚಿತ್ರಗಳ ಅಂಗೈಯಗಲದ ಪುಸ್ತಕವೂ 1970ರಲ್ಲೇ ಬಂದಿತ್ತು. ಅದರ ಪುಟ ಕತ್ತರಿಸಿ ಚೌಕಟ್ಟು ಹಾಕಿದರೆ ಫೋಟೊದಲ್ಲಿ ಗುರುತು ಹತ್ತುವುದಿಲ್ಲ. ಅಳತೆಯನ್ನು ಸೆಂಟಿಮೀಟರಿನಲ್ಲಿ ಕೇಳಿ ತಿಳಿಯಿರಿ. ಸಂಪುಟವಾಗಿ ಹೊಲಿದ ಪ್ರತಿಯಿಂದ ಬಿಚ್ಚಿದ ಹಾಳೆಯಾದರೆ ಸಹಿ ಹಾಳೆಯ ಮೇಲಿರದೆ ಪುಸ್ತಕದ ಕೊನೆಯ ಪುಟದಲ್ಲಿ ಉಳಿದಿರಬಹುದು. ಹಾಳೆ ಅಸಲಿಯಾದರೂ ಸಹಿಯುಳ್ಳದ್ದರ ಬೆಲೆ ಅದಕ್ಕಿಲ್ಲ.

ಮೂರನೆಯದು, ನಮ್ಮ ಕಾಲದ ಭಾರತೀಯ ಕಲಾವಿದರಿಂದ ನೇರವಾಗಿ ಕೊಳ್ಳುವುದು. ಬಂಗಾಳದ ಕಲಾವಿದ ಮುಕುಲ್ ದೇ 1916ರಲ್ಲಿ ಅಮೆರಿಕಕ್ಕೆ ಹೋಗಿ ಎಚಿಂಗ್ ಕಲಿತು ಬಂದ ಮೇಲೆ ಇಲ್ಲಿ ಈ ಕಲೆ ಬೇರುಬಿಟ್ಟು ನೂರು ವರ್ಷ ದಾಟಿದೆ. ಶಾಂತಿನಿಕೇತನ, ಬರೋಡಾ, ಬೆಂಗಳೂರಿನ ಚಿತ್ರಕಲಾ ಪರಿಷತ್ತು ಇಲ್ಲೆಲ್ಲ ಮುದ್ರಣಕಲೆ ಕಲಿತವರಿದ್ದಾರೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಯಲ್ಲಿ ಕಲಾವಿದರೇ ಎದುರು ಕೂತಿರುತ್ತಾರೆ. ಅಲ್ಲಿ ನಿಜವಾದ ಅನುಕೂಲ ಬೆಲೆಯದ್ದಲ್ಲ, ಪ್ರಶ್ನೆ ಕೇಳುವುದು. ತಗಡು ತಾಮ್ರವೋ ಸತುವೋ? ಎಷ್ಟು ಪ್ರತಿ ತೆಗೆದಿರಿ? ಕಾಗದ ಯಾವುದು? ಎಚಿಂಗ್ ಮಾಡಿದವರು ಇದಕ್ಕೆ ಗಂಟೆಗಟ್ಟಲೆ ಉತ್ತರ ಕೊಡುತ್ತಾರೆ, ಇಂಕ್‌ಜೆಟ್ ಮಾರುವವರು ಮಾತು ಬದಲಿಸುತ್ತಾರೆ. ಪುಣ್ಯಕೋಟಿಯನ್ನೋ ಕಾಕಣ್ಣ-ಗುಬ್ಬಣ್ಣನನ್ನೋ ತಗಡಿಗೆ ಇಳಿಸಿದವರು ಸಿಕ್ಕರೆ ಬಿಡಬೇಡಿ. ಹೆಚ್ಚಿನ ಮನೆಗಳಿಗೆ ನಮ್ಮ ಮತ ಈ ಮೂರನೆಯದಕ್ಕೇ.

ನಾಲ್ಕನೆಯದು ‘ಲಿಮಿಟೆಡ್ ಎಡಿಷನ್ ಜೀಕ್ಲೇ’. ಹೆಸರು ಫ್ರೆಂಚ್, ಕೆಲಸ ಇಂಕ್‌ಜೆಟ್. ಚಿತ್ರ ಇಷ್ಟವಾದರೆ ಪೋಸ್ಟರಿನ ಬೆಲೆಗೆ ಕೊಳ್ಳಿ.

ರಸೀದಿಯಲ್ಲೂ ಒಂದು ಸುಳಿವಿದೆ. ಮೂಲ ಎಚಿಂಗ್, ಎನ್‌ಗ್ರೇವಿಂಗ್, ಲಿಥೊಗ್ರಾಫ್‌ಗಳ ಎಚ್‌ಎಸ್‌ಎನ್ ಸಂಖ್ಯೆ, ಅಂದರೆ ತೆರಿಗೆ ಬಿಲ್ಲಿನಲ್ಲಿ ಸರಕಿನ ಬಗೆಯನ್ನು ಸೂಚಿಸುವ ಅಂಕಿ, 9702. ಯಂತ್ರದಿಂದಲೋ ಫೋಟೊ ವಿಧಾನದಿಂದಲೋ ತೆಗೆದವು ಅದರಡಿ ಬರುವುದಿಲ್ಲ. ಮುದ್ರಿತ ಚಿತ್ರಗಳಿಗೆ 4911. ಬಾಯಲ್ಲಿ ‘ಒರಿಜಿನಲ್’ ಎಂದು ಬಿಲ್ಲಿನಲ್ಲಿ 4911 ಬರೆದಿದ್ದರೆ ಬಿಲ್ಲನ್ನು ನಂಬಿ.

ಆ ಪೆನ್ಸಿಲ್ ನಂಬರ್

12/50 ಎಂದರೆ 50ರಲ್ಲಿ ಹನ್ನೆರಡನೆಯದು. ಹನ್ನೆರಡನೆಯದಾಗಿ ಅಚ್ಚಾದದ್ದು ಎಂದೇ ಅರ್ಥವಲ್ಲ. ಒದ್ದೆ ಹಾಳೆಗಳು ಒಣಗಿದ ಮೇಲೆ ಒಟ್ಟಿಗೆ ಕೂತು ನಂಬರ್ ಹಾಕುವಾಗ ಕ್ರಮ ಅದಲುಬದಲಾಗುತ್ತದೆ. ಹಾಗಾಗಿ 1/50ಕ್ಕೆ ಹೆಚ್ಚು ಬೆಲೆ ಕೊಡಲು ಕಾರಣವಿಲ್ಲ. ಡ್ರೈಪಾಯಿಂಟಾದರೆ ಮಾತ್ರ ಮೊದಲ ಅಚ್ಚು, ಕೊನೆಯ ಅಚ್ಚಿಗೆ ವ್ಯತ್ಯಾಸವಿದೆ. ಅಲ್ಲೂ ನಂಬರಿಗಿಂತ ಗೆರೆಯ ಮಖಮಲ್ ಉಳಿದಿದೆಯೇ ಎಂದು ನೋಡುವುದು ಸರಿ. ತಾಮ್ರದ ತಗಡಿಗೆ ಉಕ್ಕಿನ ತೆಳು ಲೇಪ ಕೊಟ್ಟಿದ್ದರೆ ನೂರಾರು ಪ್ರತಿಗೂ ಗೆರೆ ಸವೆಯುವುದಿಲ್ಲ.

ಕೇಳಬೇಕಾದ್ದು ಒಟ್ಟು ಎಷ್ಟು ಎಂದು. 50ರ ಜೊತೆಗೆ ಕಲಾವಿದರ ಪ್ರತಿಗಳು, ಎ/ಪಿ ಎಂದು ಗುರುತು ಹಾಕಿದವು, ರೂಢಿಯಂತೆ ಶೇಕಡಾ ಹತ್ತರಷ್ಟು: ಐದು. ಮುದ್ರಕರಿಗೆ ಎರಡು, ಮಾರಾಟಕ್ಕಲ್ಲದ ಎಚ್.ಸಿ. ಮೂರು ಎಂದಿಟ್ಟುಕೊಂಡರೆ 60 ಆಯಿತು. ರೋಮನ್ ಅಂಕಿಯಲ್ಲಿ ಇನ್ನೊಂದು ಸರಣಿ ಇದ್ದರೆ ಅದೂ ಸೇರಬೇಕು. ಆಮೇಲೆ ಮುಖ್ಯ ಪ್ರಶ್ನೆ: ತಗಡು ಏನಾಯಿತು? ಅಡ್ಡಗೆರೆ ಎಳೆದು ರದ್ದು ಮಾಡಿದ್ದರೆ ಮಿತಿ ನಿಜ. ತಗಡು ಹಾಗೇ ಇದ್ದರೆ ‘ಎರಡನೆಯ ಎಡಿಷನ್’ ಯಾವಾಗ ಬೇಕಾದರೂ ಬರಬಹುದು.

ಮುಂದೆ ಬೆಲೆ ಏರೀತು ಎಂಬ ಲೆಕ್ಕದಲ್ಲಿ ಕೊಳ್ಳುವವರಿಗೆ ಒಂದು ಮಾತು. ಬೆಲೆ ನಿಲ್ಲುವುದು ಕಲಾವಿದರ ಹೆಸರು, ಚಿತ್ರದ ಖ್ಯಾತಿ, ಹಾಳೆಯ ಸ್ಥಿತಿ ಇವುಗಳ ಮೇಲೆ. ಎಡಿಷನ್ ಸಣ್ಣದು ಎಂಬುದು ಇವು ಮೂರೂ ಇದ್ದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಸ್ಥಿತಿ ಒಂದೇ ನಿಮ್ಮ ಕೈಯಲ್ಲಿರುವುದು.

ಮಳೆಗಾಲ

ಗಾಳಿಯ ತೇವ ಶೇಕಡಾ 65 ದಾಟಿ ವಾರಗಟ್ಟಲೆ ನಿಂತರೆ ಕಾಗದಕ್ಕೆ ಬೂಸ್ಟು ಹಿಡಿಯುವ ಭಯ ಶುರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ 80ಕ್ಕಿಂತ ಕೆಳಗಿಳಿಯುವ ದಿನಗಳೇ ಅಪರೂಪ. ಮೊದಲು ಕಾಣುವುದು ಕಂದು ಚುಕ್ಕೆ. ಆಮೇಲೆ ಹಾಳೆ ಅಲೆಅಲೆಯಾಗಿ ಉಬ್ಬಿ ಗಾಜಿಗೆ ತಾಗುತ್ತದೆ, ತಾಗಿದ ಕಡೆ ಮಸಿ ಗಾಜಿಗೆ ಅಂಟುತ್ತದೆ. ಅಂಟಿದ್ದನ್ನು ಎಳೆದರೆ ಗೆರೆಯೇ ಗಾಜಿನ ಮೇಲೆ ಉಳಿಯುತ್ತದೆ.

ಆದ್ದರಿಂದ ಫ್ರೇಮ್ ಹಾಕಿಸುವ ತಿಂಗಳೂ ಆಯ್ಕೆಯ ಒಂದು ಭಾಗ. ಜುಲೈನಲ್ಲಿ ಹಾಕಿಸಿದರೆ ಜುಲೈನ ಗಾಳಿಯನ್ನೇ ಒಳಗಿಟ್ಟು ಮುಚ್ಚಿದ ಹಾಗೆ. ಡಿಸೆಂಬರಿನಲ್ಲಿ ಶಿರಸಿಯ ರಾತ್ರಿ ತಣ್ಣಗಾದಾಗ ಅದೇ ತೇವ ಗಾಜಿನ ಒಳಮೈಯಲ್ಲಿ ಹನಿಗಟ್ಟಬಹುದು. ಜನವರಿ, ಫೆಬ್ರವರಿಯಲ್ಲಿ ಹಾಕಿಸಿ. ಮಳೆಗಾಲದಲ್ಲಿ ಕೊಂಡದ್ದಾದರೆ ಅಲ್ಲಿಯವರೆಗೆ ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮಟ್ಟಸವಾಗಿ ಮಲಗಿಸಿ, ತೇವ ಹೀರುವ ಸಿಲಿಕಾ ಜೆಲ್ ಕಾಲು ಕಿಲೊ ಜೊತೆಗಿಡಿ. ಕಿತ್ತಳೆ ಬಣ್ಣದ್ದು ಹಸಿರಾದಾಗ ಓವನ್ನಿನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ. ನುಸಿಗುಳಿಗೆ ಹುಳುವಿಗೆ ಸರಿ, ಬೂಸ್ಟು ಅದಕ್ಕೆ ಹೆದರುವುದಿಲ್ಲ. ಒಲೆಯ ಮೇಲಿನ ಅಟ್ಟ ಬೆಚ್ಚಗಿದೆ ಎಂದು ಅಲ್ಲಿಡುವ ಯೋಚನೆ ಬೇಡ. ಹೊಗೆ ಹಿಡಿದ ಕಾಗದ ಮತ್ತೆ ಬಿಳಿಯಾಗದು.

ಊರಿನ ಫ್ರೇಮ್ ಅಂಗಡಿಗಳ ಕೈ ಪಳಗಿರುವುದು ದೇವರ ಪಟ, ಮದುವೆಯ ಫೋಟೊಗಳಲ್ಲಿ. ಹೇಳದೆ ಬಿಟ್ಟರೆ ಹಾಳೆಯನ್ನು ಹಾರ್ಡ್‌ಬೋರ್ಡಿಗೆ ಗೋಂದು ಹಚ್ಚಿ ಅಂಟಿಸಿ, ಅಳತೆಗೆ ಹೆಚ್ಚಾದ ಬಿಳಿ ಅಂಚನ್ನು ಕತ್ತರಿಸಿಬಿಡುತ್ತಾರೆ. ನಂಬರೂ ಸಹಿಯೂ ಇರುವುದು ಆ ಅಂಚಿನಲ್ಲೇ! ಅಂಚು ಹೋದ, ಬೋರ್ಡಿಗೆ ಅಂಟಿಸಿದ ಎಚಿಂಗನ್ನು ಮರುಮಾರಾಟಕ್ಕೆ ಒಯ್ದರೆ ಯಾರೂ ತಿರುಗಿ ನೋಡರು. ಅಂಗಡಿಯವರಿಗೆ ಹೀಗೆ ಹೇಳಿ: ಹಾಳೆ ಕತ್ತರಿಸಬೇಡಿ, ಸೆಲ್ಲೋಟೇಪ್, ಗೋಂದು ಬೇಡ, ಮೇಲಂಚಿನಲ್ಲಿ ಎರಡೇ ಕಡೆ, ಜಪಾನೀ ಕಾಗದದ ಪಟ್ಟಿಯನ್ನು ಗೋಧಿಪಿಷ್ಟದ ಅಂಟಿನಿಂದ ಹಚ್ಚಿ ನೇತುಬಿಡಿ. ಕೆಳಗೆ ಸಡಿಲವಿದ್ದರೆ ಕಾಗದ ತೇವಕ್ಕೆ ಹಿಗ್ಗಿ ಒಣಗಿದಾಗ ಕುಗ್ಗಲು ಜಾಗವಿರುತ್ತದೆ. ಮುಂದೆ ಆಮ್ಲರಹಿತ ಮೌಂಟ್ ಬೋರ್ಡು ಎರಡು ಪದರ, ಚಿತ್ರಕ್ಕೂ ಗಾಜಿಗೂ ಕನಿಷ್ಠ ಮೂರು ಮಿಲಿಮೀಟರ್ ಅಂತರ ಬರಬೇಕು. ಹಿಂದೆ ಹಾರ್ಡ್‌ಬೋರ್ಡ್ ಬದಲು ಎಸಿಪಿ, ಅಂದರೆ ಅಲ್ಯುಮಿನಿಯಂ ಹೊದಿಸಿದ ಪ್ಲಾಸ್ಟಿಕ್ ಹಾಳೆ. ಅದಕ್ಕೆ ತೇವ ಹೀರುವ ಗುಣವಿಲ್ಲ, ಒರಲೆ ತಿನ್ನುವುದೂ ಇಲ್ಲ. ಗಾಜೋ ಅಕ್ರಿಲಿಕ್ಕೋ ಎಂದರೆ ಇಲ್ಲಿ ಅಕ್ರಿಲಿಕ್ ವಾಸಿ, ಅದರ ಮೇಲೆ ಹನಿಗಟ್ಟುವುದು ಕಡಿಮೆ. ಗೀರು ಬೀಳುತ್ತದೆ, ಒರಟು ಬಟ್ಟೆಯಲ್ಲಿ ಒರೆಸಬೇಡಿ.

ಗೋಡೆಯ ಆಯ್ಕೆಯಲ್ಲಿ ಪಡುವಣ ಗೋಡೆ ಬೇಡವೇ ಬೇಡ. ಮಳೆ ಹೊಡೆಯುವುದು ಆ ದಿಕ್ಕಿನಿಂದ. ಸೋಗೆಯ ತಟ್ಟಿ ಕಟ್ಟಿದ್ದರೂ ಚಿರೆಕಲ್ಲು ನೀರು ಕುಡಿದು ಒಳಮೈಗೆ ತರುತ್ತದೆ. ಮನೆಯ ಒಳಗೋಡೆಯೇ ಲೇಸು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಕಾರ್ಕು ಕತ್ತರಿಸಿ ಅಂಟಿಸಿದರೆ ಗೋಡೆಯಿಂದ ಒಂದು ಸೆಂಟಿಮೀಟರ್ ದೂರ ನಿಂತು ಗಾಳಿಯಾಡುತ್ತದೆ.

ಬೂಸ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಬಿಸಿಲಿಗೂ ಹಾಕಬೇಡಿ. ಒದ್ದೆ ಬಟ್ಟೆ ಬೂಸ್ಟನ್ನು ಕಾಗದದೊಳಗೆ ಒತ್ತಿ ತಿಕ್ಕುತ್ತದೆ, ಬಿಸಿಲು ಕಾಗದವನ್ನು ಹಳದಿ ಮಾಡುತ್ತದೆ. ಚೌಕಟ್ಟಿನಿಂದ ಬಿಡಿಸಿ ಎಸಿ ಇರುವ ಕೋಣೆಯಲ್ಲಿ ಎರಡು ಮೂರು ದಿನ ಒಣಗಲು ಬಿಡಿ. ಪುಡಿಯಾದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ನೆರಳಿನಲ್ಲಿ ಮೆತ್ತನೆಯ ಕುಂಚದಿಂದ ಝಾಡಿಸಿ. ಕಲೆ ಉಳಿದರೆ ಅದು ಕಾಗದ ಸಂರಕ್ಷಣೆ ಬಲ್ಲವರ ಕೆಲಸ, ಬ್ಲೀಚ್ ಪುಡಿಯದ್ದಲ್ಲ.

ದಸರೆಯ ಹೊತ್ತಿಗೆ ಪ್ರತಿ ವರ್ಷ ಒಮ್ಮೆ ಚೌಕಟ್ಟು ಇಳಿಸಿ ಬೆನ್ನು ನೋಡಿ. ಹಲ್ಲಿಯ ಎರಡು ಬಿಳಿ ಮೊಟ್ಟೆ, ಕಣಜದ ಮಣ್ಣುಗೂಡು ಸಾಮಾನ್ಯ. ಚಾಕುವಿನ ಬೆನ್ನಿನಿಂದ ಕೆರೆದರೆ ಹೋಗುತ್ತದೆ. ಹಿಂಬದಿಯ ಟೇಪು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದ್ದರೆ ಮಾತ್ರ ಅಂದೇ ಫ್ರೇಮ್ ಅಂಗಡಿಗೆ ಒಯ್ಯಿರಿ. ಹುಳು ಒಳಹೋಗುವುದು ಆ ಮೂಲೆಯಿಂದಲೇ.